ಅದೇ ಡಬ್ಬಿ, ಬದಲಾದ ಸೂತ್ರ: ಟರ್ಬೊ ಕಾರಿಗೆ ಹೊಸ ‘ಎಸ್‌ಪಿ’ ಸಿಂಥೆಟಿಕ್ ಆಯಿಲ್ ಹಳೆಯದಕ್ಕೆ ಸಮನೇ?

ಪ್ರಶ್ನೆ: ಮಲ್ಲೇಶ್ವರದ ಸವಾರ

ಎಲ್ಲರಿಗೂ ನಮಸ್ಕಾರ. ಎಂಜಿನ್ ಆಯಿಲಿನ ವಿಷಯದಲ್ಲಿ ಒಂದು ಗೊಂದಲ ತಿಂಗಳಿಂದ ನನ್ನನ್ನು ಕಾಡುತ್ತಿದೆ. ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನನ್ನದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಡಿಎಸ್‌ಜಿ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್. ಕೈಪಿಡಿಯು ಫೋಕ್ಸ್‌ವ್ಯಾಗನ್ 502 00 ಅನುಮೋದನೆಯ ಆಯಿಲನ್ನು ಕೇಳುತ್ತದೆ. ಕಾರು ಮನೆಗೆ ಬಂದ ವರ್ಷದಿಂದಲೂ ಒಂದೇ ಕಂಪನಿಯ 5ಡಬ್ಲ್ಯೂ-40 ಗ್ರೇಡಿನ (ಆಯಿಲಿನ ಗಟ್ಟಿತನವನ್ನು ಸೂಚಿಸುವ ಅಂಕಿ) ಸಿಂಥೆಟಿಕ್ ಆಯಿಲನ್ನು 7,500 ಕಿಲೋಮೀಟರಿಗೊಮ್ಮೆ ಬದಲಿಸುತ್ತ ಬಂದಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಇಂಥ ಬದಲಾವಣೆಯನ್ನು ಬಹುತೇಕ ಎಲ್ಲ ಕಂಪನಿಗಳೂ ಮಾಡಿವೆ.

ವಾರದ ಐದು ದಿನ ಈ ಕಾರು ಮಲ್ಲೇಶ್ವರದಿಂದ ವೈಟ್‌ಫೀಲ್ಡಿಗೆ ದಟ್ಟಣೆಯಲ್ಲಿ ತೆವಳುತ್ತ ಹೋಗಿ ಬರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ಯುತ್ತೇನೆ. ಅಲ್ಲಿ ಇಪ್ಪತ್ತು ನಿಮಿಷದ ಒಂದು ಸುತ್ತಾಟ ಮುಗಿಯುವ ಹೊತ್ತಿಗೆ ಆಯಿಲಿನ ಉಷ್ಣಾಂಶ 125 ಡಿಗ್ರಿ ದಾಟಿರುವುದನ್ನು ಮೀಟರ್ ಫಲಕದಲ್ಲಿ ಕಂಡಿದ್ದೇನೆ.

ಕಳೆದ ಸರ್ವಿಸ್‌ಗೆಂದು ತಂದ ಡಬ್ಬಿಯ ಹೆಸರು, ಬಣ್ಣ, ಗ್ರೇಡ್ ಎಲ್ಲವೂ ಮೊದಲಿನಂತೆಯೇ ಇದ್ದವು. ಆದರೆ ಹಿಂಬದಿಯಲ್ಲಿ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಗೊತ್ತುಮಾಡುವ ಗುಣಮಟ್ಟದ ದರ್ಜೆ ಎಸ್‌ಎನ್ ಎಂದಿದ್ದ ಜಾಗದಲ್ಲಿ ಎಸ್‌ಪಿ ಎಂದಿತ್ತು. ಅನುಮಾನ ಬಂದು ಎರಡೂ ಆವೃತ್ತಿಗಳ ತಾಂತ್ರಿಕ ಮಾಹಿತಿ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. 100 ಡಿಗ್ರಿಯಲ್ಲಿನ ಸ್ನಿಗ್ಧತೆ (ಗಟ್ಟಿತನ) 14.0ರಿಂದ 13.3ಕ್ಕೆ, ತೀವ್ರ ಶಾಖದಲ್ಲಿ ಉಳಿಯುವ ಗಟ್ಟಿತನವಾದ ಎಚ್‌ಟಿಎಚ್‌ಎಸ್ 3.8ರಿಂದ 3.6ಕ್ಕೆ, ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯ ಅಳತೆಯಾದ ಟಿಬಿಎನ್ 11.2ರಿಂದ 10.4ಕ್ಕೆ ಇಳಿದಿವೆ. ಹೊಸ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ, ಹಿಂದೆ 3,000 ಪಿಪಿಎಂ ದಾಟುತ್ತಿದ್ದ ಕ್ಯಾಲ್ಸಿಯಂ ಅರ್ಧಕ್ಕೆ ಇಳಿದು, ಹೆಸರಿಗಷ್ಟೇ ಇದ್ದ ಮೆಗ್ನೀಸಿಯಂ 900ರ ಆಸುಪಾಸಿಗೆ ಏರಿದೆಯೆಂದು ವರದಿ ಬಂತು.

ಅಂಕಿಗಳೆಲ್ಲ ಒಂದೇ ದಿಕ್ಕಿಗೆ ಇಳಿದಿರುವುದನ್ನು ಕಂಡರೆ ಆಯಿಲನ್ನು ಅಗ್ಗವಾಗಿ, ತೆಳುವಾಗಿ ಮಾಡಿ ಅದೇ ಬೆಲೆಗೆ ಮಾರುತ್ತಿದ್ದಾರೆಂದೇ ಅನಿಸುತ್ತದೆ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಎಸ್‌ಎನ್ ದಾಸ್ತಾನು ಇನ್ನೂ ಕೆಲವು ಡಬ್ಬಿ ಇದೆ. ಅದನ್ನು ಕೊಂಡಿಟ್ಟುಕೊಳ್ಳುವುದು ಲೇಸೇ? ಅಥವಾ ಟ್ರ್ಯಾಕಿಗಾಗಿ ಬೇರೆಯದೇ ಆಯಿಲಿಗೆ ಹೋಗಬೇಕೇ?

ಉತ್ತರ 1: ಸ್ನಿಗ್ಧಾ

ನಮಸ್ಕಾರ ಸರ್. ನಾನು ಮುಂಬೈಯಲ್ಲಿ ಕೀಲೆಣ್ಣೆಗಳ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಬಹಳ ಕಾಲ ಕೆಲಸ ಮಾಡಿದವಳು. ನೀವು ಎರಡು ಪತ್ರಗಳನ್ನು ಹೋಲಿಸಿ, ಮಾದರಿಯನ್ನೂ ಪರೀಕ್ಷೆಗೆ ಕಳಿಸಿದ್ದೀರಿ. ಹೆಚ್ಚಿನವರು ಅಷ್ಟು ದೂರ ಹೋಗುವುದಿಲ್ಲ. ಆದರೆ ಆ ಅಂಕಿಗಳನ್ನೆಲ್ಲ ಒಂದೇ ಕಾರಣಕ್ಕೆ ಕಟ್ಟಿಹಾಕಿದ್ದೀರಿ. ಅವು ಬೇರೆ ಬೇರೆ ಕಾರಣಗಳಿಂದ ಬದಲಾದವು.

ಕ್ಯಾಲ್ಸಿಯಂನಿಂದ ಆರಂಭಿಸುತ್ತೇನೆ, ಏಕೆಂದರೆ ಇಡೀ ಪ್ರಶ್ನೆಯ ತಿರುಳು ಅಲ್ಲಿದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಆಯಿಲಿನಲ್ಲಿರುವ ಡಿಟರ್ಜೆಂಟ್‌ಗಳ ಭಾಗ. ಪಿಸ್ಟನ್ನಿನ ಮೇಲೆ ಕಿಟ್ಟ ಕೂರದಂತೆ ತಡೆಯುವುದು, ದಹನದಿಂದ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸುವುದು ಇವುಗಳ ಕೆಲಸ. ಆದರೆ ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳು ಹೆಚ್ಚಾದ ಮೇಲೆ ಒಂದು ಹೊಸ ಕಾಟ ಕಾಣಿಸಿಕೊಂಡಿತು. ಆರ್‌ಪಿಎಂ ಕಡಿಮೆಯಿದ್ದು ಎಂಜಿನ್ನಿನ ಮೇಲಿನ ಭಾರ ಹೆಚ್ಚಾದಾಗ, ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದಿಯಲ್ಲಿ ಕೂತ ಆಯಿಲ್ ಹಾಗೂ ಪೆಟ್ರೋಲ್ ಬೆರೆತ ಹನಿಯೋ, ಸಿಡಿದೆದ್ದ ಕಿಟ್ಟದ ಚೂರೋ ಸ್ಪಾರ್ಕ್ ಬರುವ ಮೊದಲೇ ಹೊತ್ತಿಕೊಳ್ಳುತ್ತದೆ. ಆಗ ಸಿಲಿಂಡರಿನೊಳಗೆ ಏಳುವ ಒತ್ತಡ ಪಿಸ್ಟನ್ನಿನ ಉಂಗುರದ ಅಂಚನ್ನೇ ಮುರಿಯಬಲ್ಲದು. ಇದನ್ನು ಎಲ್‌ಎಸ್‌ಪಿಐ ಎಂದು ಕರೆಯುತ್ತಾರೆ. ಆಯಿಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಈ ಘಟನೆಗಳು ಹೆಚ್ಚುತ್ತವೆ, ಮೆಗ್ನೀಸಿಯಂಗೆ ಆ ದೋಷವಿಲ್ಲ ಎಂಬುದು ಎಂಜಿನ್ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಾಬೀತಾಯಿತು. ಆದ್ದರಿಂದ 2018ರ ಎಸ್‌ಎನ್ ಪ್ಲಸ್ ದರ್ಜೆಯಲ್ಲೂ, 2020ರ ಮೇ ತಿಂಗಳಲ್ಲಿ ಬಂದ ಎಸ್‌ಪಿ ದರ್ಜೆಯಲ್ಲೂ ಇದಕ್ಕಾಗಿಯೇ ಪರೀಕ್ಷೆಯನ್ನು ಸೇರಿಸಿದರು. ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಎಸ್‌ಪಿಯಲ್ಲಿ ಬಂತು. ಎರಡನ್ನೂ ಫೋರ್ಡಿನ ಎರಡು ಲೀಟರ್ ಇಕೋಬೂಸ್ಟ್ ಟರ್ಬೊ ಎಂಜಿನ್ನಿನ ಮೇಲೆ ನಡೆಸುತ್ತಾರೆ. ಗಾತ್ರದಲ್ಲೂ ಸ್ವಭಾವದಲ್ಲೂ ಅದು ನಿಮ್ಮ ಎಂಜಿನ್ನಿನಿಂದ ದೂರದ್ದಲ್ಲ.

ಹಾಗಾಗಿ ಕ್ಯಾಲ್ಸಿಯಂ ಇಳಿದು ಮೆಗ್ನೀಸಿಯಂ ಏರಿದ್ದು ಜಿಪುಣತನವಲ್ಲ, ನಿಮ್ಮಂಥ ಎಂಜಿನ್ನಿಗಾಗಿಯೇ ಮಾಡಿದ ತಿದ್ದುಪಡಿ. ಇನ್ನೊಂದು ಮಾತನ್ನೂ ಗಮನಿಸಬೇಕು. ಟ್ರ್ಯಾಕಿನಲ್ಲಿ ನೀವು ಎಂಜಿನ್ನನ್ನು 4,000 ಆರ್‌ಪಿಎಂ ಮೇಲೆ ಇಟ್ಟಿರುತ್ತೀರಿ. ಅಲ್ಲಿ ಎಲ್‌ಎಸ್‌ಪಿಐ ಭಯ ಕಡಿಮೆ. ಡಿಎಸ್‌ಜಿ ಬೇಗನೆ ಮೇಲಿನ ಗೇರಿಗೆ ಏರಿ 1,500ರ ಆಸುಪಾಸಿನಲ್ಲಿ ಓಡಿಸುವಾಗ, ಮೇಲ್ಸೇತುವೆಯ ಏರಿನಲ್ಲಿ ನೀವು ಥಟ್ಟನೆ ಆಕ್ಸಿಲರೇಟರ್ ಒತ್ತುವ ಕ್ಷಣವೇ ಅಪಾಯದ್ದು. ಹೊಸ ಸೂತ್ರ ನಿಮ್ಮ ಎಂಜಿನ್ನನ್ನು ಕಾಯುವುದು ಸೋಮವಾರದಿಂದ ಶುಕ್ರವಾರದವರೆಗೆ.

ಟಿಬಿಎನ್ ಇಳಿದದ್ದಕ್ಕೆ ಚಿಂತೆ ಬೇಡ. ಇಂಧನದ ಗಂಧಕ ಆಮ್ಲದ ಒಂದು ಮೂಲ. ನಿಮ್ಮ ಕಾರು ರಸ್ತೆಗಿಳಿದಾಗ ಬಿಎಸ್4 ಪೆಟ್ರೋಲಿನಲ್ಲಿ 50 ಪಿಪಿಎಂ ಗಂಧಕಕ್ಕೆ ಅವಕಾಶವಿತ್ತು. 2020ರ ಏಪ್ರಿಲಿನಿಂದ ದೇಶದಾದ್ಯಂತ ಬಿಎಸ್6 ಬಂದು ಮಿತಿ 10 ಪಿಪಿಎಂಗೆ ಇಳಿಯಿತು. 7,500 ಕಿಲೋಮೀಟರಿಗೆ ಬದಲಿಸುವವರಿಗೆ 10.4 ಧಾರಾಳವಾಯಿತು.

ನೀವು ನಿಜವಾಗಿ ಯೋಚಿಸಬೇಕಾದ ಅಂಕಿ ಎಚ್‌ಟಿಎಚ್‌ಎಸ್ ಒಂದೇ. 150 ಡಿಗ್ರಿ ಉಷ್ಣಾಂಶದಲ್ಲಿ, ಸೆಕೆಂಡಿಗೆ ಹತ್ತು ಲಕ್ಷದಷ್ಟು ಶಿಯರ್ ದರದಲ್ಲಿ, ಅಂದರೆ ಕ್ರ್ಯಾಂಕ್ ಬೇರಿಂಗಿನೊಳಗೆ ಇರುವಂಥ ಸ್ಥಿತಿಯಲ್ಲಿ, ಆಯಿಲ್ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಯುರೋಪಿನ ಎಸಿಇಎ ಎ3/ಬಿ4 ದರ್ಜೆ ಕನಿಷ್ಠ 3.5 ಇರಲೇಬೇಕೆನ್ನುತ್ತದೆ. 3.6 ಆ ಗೆರೆಯ ಮೇಲೆಯೇ ಇದೆ, ಆದರೆ ಗೆರೆಗೆ ಹತ್ತಿರವಾಯಿತು ಎಂಬ ನಿಮ್ಮ ಅಳುಕಿನಲ್ಲಿ ಅರ್ಥವಿದೆ. ದಟ್ಟಣೆಯ ಓಡಾಟದಲ್ಲಿ ನೇರ ಇಂಜೆಕ್ಷನ್ ಎಂಜಿನ್ನಿನ ಆಯಿಲಿಗೆ ಪೆಟ್ರೋಲ್ ಸೇರಿಕೊಂಡು ಅದು ತೆಳುವಾಗುತ್ತದೆ. ಹಾಗೆ ತೆಳುವಾದ ಆಯಿಲಿನಲ್ಲೇ ಟ್ರ್ಯಾಕಿಗೆ ಇಳಿದರೆ ಡಬ್ಬಿಯ ಮೇಲಿನ 3.6 ಬೇರಿಂಗಿನೊಳಗೆ 3.6 ಆಗಿ ಉಳಿದಿರುವುದಿಲ್ಲ. ಟ್ರ್ಯಾಕಿಗೆ ಹೋಗುವ ವಾರದ ಮೊದಲು ಆಯಿಲ್ ಬದಲಿಸಿಕೊಳ್ಳಿ. ಹಳೆಯ ಮತ್ತು ಹೊಸ ಸೂತ್ರಗಳ ನಡುವಿನ 0.2ರ ವ್ಯತ್ಯಾಸಕ್ಕಿಂತ ಅದರಿಂದ ದೊರಕುವ ಲಾಭ ದೊಡ್ಡದು.

ಉತ್ತರ 2: ಶರಾವತಿ ತೀರ

ನಾನು ಸಾಗರದ ಕಡೆಯವನು, ಇಪ್ಪತ್ತೈದು ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ನನ್ನ ಬಳಿ 2004ರ ಬಿಎಂಡಬ್ಲ್ಯೂ ಎಂ3 ಇದೆ. ಸ್ನಿಗ್ಧಾ ಅವರು ಹೇಳಿದ ರಸಾಯನಶಾಸ್ತ್ರವನ್ನು ಒಪ್ಪುತ್ತೇನೆ. ಆದರೆ ಕಂಪನಿಗಳ ಮೇಲೆ ಅಷ್ಟು ವಿಶ್ವಾಸವಿಡುವುದನ್ನು ಒಪ್ಪಲಾರೆ.

ಅದಕ್ಕೆ ಕಾರಣವಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿ ಕ್ಯಾಸ್ಟ್ರಾಲ್ ಕಂಪನಿ ತನ್ನ ಸಿಂಟೆಕ್ ಆಯಿಲಿನಲ್ಲಿದ್ದ ಪಿಎಒ ಎಂಬ ನಿಜವಾದ ಸಂಶ್ಲೇಷಿತ ಬೇಸ್ ಆಯಿಲನ್ನು (ಅಡಿಟಿವ್‌ಗಳನ್ನು ಬೆರೆಸುವ ಮೂಲ ತೈಲವನ್ನು) ತೆಗೆದು, ಕಚ್ಚಾ ತೈಲವನ್ನು ಹೈಡ್ರೋಜನ್ನಿನಿಂದ ತೀವ್ರವಾಗಿ ಸಂಸ್ಕರಿಸಿದ ಬೇಸ್ ಆಯಿಲನ್ನು ಹಾಕಿತು. ಹೆಸರು ಸಿಂಥೆಟಿಕ್ ಎಂದೇ ಉಳಿಯಿತು. ಮೊಬಿಲ್ ಕಂಪನಿ ಜಾಹೀರಾತುಗಳನ್ನು ಪರಿಶೀಲಿಸುವ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ನಿಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರವಾಗಿ ಬಂತು. ಅಂದಿನಿಂದ ಹೀಗೆ ಸಂಸ್ಕರಿಸಿದ, ಮೂರನೆಯ ಗುಂಪು ಎಂದು ಕರೆಯುವ ಬೇಸ್ ಆಯಿಲನ್ನೂ ಅಮೆರಿಕದಲ್ಲಿ ಸಿಂಥೆಟಿಕ್ ಎಂದೇ ಮಾರುತ್ತಾರೆ. ಡಬ್ಬಿಯ ಮುಂಭಾಗದಲ್ಲಿ ಏನೂ ಬದಲಾಗದೆ ಒಳಗಿನದೆಲ್ಲ ಬದಲಾಗಬಹುದು ಎಂಬುದನ್ನು ನಾನು ಕಲಿತದ್ದು ಆಗ.

ಆದ್ದರಿಂದ ನನ್ನ ಸಲಹೆ ಹೀಗಿದೆ: ಮುದ್ರೆ ಒಡೆಯದ ಹಳೆಯ ದಾಸ್ತಾನು ಸಿಕ್ಕುವಾಗ ಕೊಂಡಿಡಿ, ಟ್ರ್ಯಾಕಿಗೆ ಹೋಗುವಾಗ 10ಡಬ್ಲ್ಯೂ-60 ಹಾಕಿ. ನನ್ನ ಕಾರಿಗೆ ಬಿಎಂಡಬ್ಲ್ಯೂ ಹೇಳಿರುವುದು ಅದನ್ನೇ. 8,000 ಆರ್‌ಪಿಎಂವರೆಗೆ ಏರುವ ಆ ಎಂಜಿನ್ನಿನ ಬೇರಿಂಗುಗಳನ್ನು ಇಷ್ಟು ವರ್ಷ ಕಾಪಾಡಿರುವುದು ಗಟ್ಟಿ ಆಯಿಲೇ ಎಂದು ನಾನು ನಂಬಿದ್ದೇನೆ.

ಉತ್ತರ 3: ನೆಕ್ಕರ್ ದಂಡೆ

ಶರಾವತಿ ತೀರದ ಅಣ್ಣನವರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ಎರಡು ವಿಷಯಗಳಲ್ಲಿ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನ್ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ.

ಮೊದಲು 10ಡಬ್ಲ್ಯೂ-60. ನಿಮ್ಮ ಎಂ3ರ ಎಂಜಿನ್ ಟರ್ಬೊ ಇಲ್ಲದ, ಅತಿ ವೇಗವಾಗಿ ತಿರುಗುವ ಎಂಜಿನ್. ತಯಾರಕರೇ ಅದಕ್ಕೆ ಆ ಗ್ರೇಡನ್ನು ಗೊತ್ತುಮಾಡಿದ್ದಾರೆ, ಆದ್ದರಿಂದ ಅಲ್ಲಿ ಅದು ಸರಿ. ಆಕ್ಟೇವಿಯಾದ ಇಎ888 ಎಂಜಿನ್ನಿನ ಮೂರನೆಯ ಪೀಳಿಗೆಯಲ್ಲಿ ಆಯಿಲ್ ಪಂಪು ಎರಡು ಹಂತದ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಣಿಸುವ ನಳಿಕೆಗಳನ್ನು ಅಗತ್ಯ ಬಿದ್ದಾಗ ತೆರೆದು ಮುಚ್ಚುವ ವ್ಯವಸ್ಥೆಯಿದೆ, ಕ್ಯಾಮ್‌ಶಾಫ್ಟಿನ ಸಮಯವನ್ನು ಹೊಂದಿಸುವುದೂ ಆಯಿಲಿನ ಒತ್ತಡವೇ. ಇವೆಲ್ಲವನ್ನೂ 30 ಮತ್ತು 40 ಗ್ರೇಡಿನ ಹರಿವಿಗೆ ಲೆಕ್ಕಹಾಕಿ ಕಟ್ಟಿದ್ದಾರೆ. 100 ಡಿಗ್ರಿಯಲ್ಲಿ 40 ಗ್ರೇಡಿನ ಸ್ನಿಗ್ಧತೆ 12.5ರಿಂದ 16.3ರ ಒಳಗಿದ್ದರೆ 60 ಗ್ರೇಡಿನದು 21.9ರಿಂದ ಆರಂಭ. ಅಷ್ಟು ಗಟ್ಟಿ ಆಯಿಲ್ ಬಿಸಿಯಾಗುವವರೆಗೆ ಹರಿಯಲು ತಡವಾಗುತ್ತದೆ, ಬೇರಿಂಗಿನಲ್ಲಿ ಉಜ್ಜಿ ತಾನೇ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಅದಕ್ಕೆ 502 00 ಅನುಮೋದನೆಯೂ ಇಲ್ಲ.

ಇನ್ನು ಬೇಸ್ ಆಯಿಲಿನ ಗುಂಪು. ಜರ್ಮನಿಯಲ್ಲಿ ಅಮೆರಿಕದ ಆ ತೀರ್ಮಾನ ನಡೆಯುವುದಿಲ್ಲ. ಇಲ್ಲಿ ‘ಪೂರ್ಣ ಸಿಂಥೆಟಿಕ್’ ಎಂಬ ಮಾತು ಪಿಎಒ ಅಥವಾ ಎಸ್ಟರ್ ಆಧಾರದ ಆಯಿಲಿಗೆ ಮೀಸಲು, ಮೂರನೆಯ ಗುಂಪಿನದಕ್ಕೆ ‘ಎಚ್‌ಸಿ ಸಿಂಥೆಸೆ’ ಎಂದು ಬರೆಯುತ್ತಾರೆ. ಹೀಗೆ ಬಿಡಿಸಿ ಬರೆಯುವುದು ಪ್ರಾಮಾಣಿಕತೆ ಎಂದು ನಾನೂ ನಂಬುತ್ತೇನೆ, ಭಾರತದಲ್ಲೂ ಅದು ಬರಬೇಕು. ಆದರೆ ಎಚ್‌ಸಿ ಎಂದು ಬರೆದಿರುವ ಎಷ್ಟೋ ಆಯಿಲ್‌ಗಳಿಗೆ ಇಲ್ಲಿನ ಕಾರು ತಯಾರಕರ ಅನುಮೋದನೆ ಇದೆ ಎಂಬುದೂ ಅಷ್ಟೇ ನಿಜ. ಶೆಲ್ ಕಂಪನಿ ಕತಾರಿನ ರಾಸ್ ಲಫಾನ್‌ನಲ್ಲಿ ನೈಸರ್ಗಿಕ ಅನಿಲದಿಂದ ತಯಾರಿಸುವ ಬೇಸ್ ಆಯಿಲ್ ಮೂರನೆಯ ಗುಂಪಿಗೇ ಸೇರುತ್ತದೆ. ಅದರಲ್ಲಿ ಗಂಧಕವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದೆಡೆ, ಪಿಎಒದಲ್ಲಿ ಅಡಿಟಿವ್‌ಗಳು ಸುಲಭವಾಗಿ ಕರಗುವುದಿಲ್ಲವೆಂದು ಅದಕ್ಕೆ ಎಸ್ಟರನ್ನೋ ಬೇರೆ ಬೇಸ್ ಆಯಿಲನ್ನೋ ಬೆರೆಸಬೇಕಾಗುತ್ತದೆ. ಸಿದ್ಧವಾದ ಆಯಿಲಿನ ಗುಣವನ್ನು ಬೇಸ್ ಆಯಿಲೊಂದೇ ನಿರ್ಧರಿಸುವುದಿಲ್ಲ.

ಹಾಗಾದರೆ ಏನನ್ನು ನಂಬಬೇಕು? ಕಾರು ತಯಾರಕರ ಲಿಖಿತ ಅನುಮೋದನೆಯನ್ನು. ಅದನ್ನು ಕೊಡುವುದು ಒಂದು ನಿರ್ದಿಷ್ಟ ಸೂತ್ರಕ್ಕೆ. ಪೋರ್ಷೆ ಎ40 ಅನುಮೋದನೆಗಾಗಿ ನ್ಯೂರ್ಬರ್ಗ್‌ರಿಂಗ್ ಓಟವನ್ನು ಟೆಸ್ಟ್ ಬೆಂಚಿನ ಮೇಲೆ ಗಂಟೆಗಟ್ಟಲೆ ಮರುಕಳಿಸಿ ಎಂಜಿನ್ನನ್ನು ಬಿಚ್ಚಿ ನೋಡುತ್ತಾರೆ. ಟ್ರ್ಯಾಕಿಗೆ ಹೋಗುವವರಿಗೆ ಇದಕ್ಕಿಂತ ಹತ್ತಿರದ ಪರೀಕ್ಷೆ ಸಿಗಲಾರದು. ಡಬ್ಬಿಯ ಮೇಲೆ ‘ಅನುಮೋದಿತ’ ಎಂದಿದೆಯೋ, ‘ಈ ಮಾನದಂಡಕ್ಕೆ ಸೂಕ್ತ’ ಎಂದಷ್ಟೇ ಇದೆಯೋ ಎಂದು ಕಣ್ಣಿಟ್ಟು ಓದಿ. ಎರಡನೆಯದು ಆಯಿಲ್ ಕಂಪನಿಯ ಸ್ವಂತ ಹೇಳಿಕೆ ಮಾತ್ರ. ಮರ್ಸಿಡಿಸ್ ತಾನು ಅನುಮೋದಿಸಿದ ಆಯಿಲ್‌ಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಇಟ್ಟಿದೆ. ನಿಮ್ಮ ಡಬ್ಬಿಯ ಮೇಲೆ ಮರ್ಸಿಡಿಸ್ 229.5 ಅನುಮೋದನೆಯ ಉಲ್ಲೇಖವಿದ್ದರೆ ಆ ಪಟ್ಟಿಯಲ್ಲಿ ಹೆಸರನ್ನು ಹುಡುಕಿ ತಾಳೆನೋಡಿ. ಅಲ್ಲಿ ನಿಜ ಹೇಳಿದವರು ಉಳಿದ ಸಾಲುಗಳಲ್ಲೂ ನಿಜ ಹೇಳಿರುವ ಸಂಭವ ಹೆಚ್ಚು.

ಉತ್ತರ 4: ಶರಾವತಿ ತೀರ

ಒಪ್ಪಿದೆ. ನನ್ನ ಎಂಜಿನ್ನಿಗೆ ಸಲ್ಲುವುದನ್ನು ಅವರ ಎಂಜಿನ್ನಿಗೆ ಹೇಳಿದ್ದು ನನ್ನ ತಪ್ಪು; 10ಡಬ್ಲ್ಯೂ-60 ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಹೊಸ ದರ್ಜೆಗಳಲ್ಲಿ ಸವೆತ ತಡೆಯುವ ಝಿಂಕ್ ಮತ್ತು ರಂಜಕವನ್ನು ಕಡಿತಗೊಳಿಸಿದ್ದಾರೆಂದು ಇಲ್ಲಿನ ಹಳೆಯ ಕಾರುಗಳ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೇನು ಉತ್ತರ?

ಉತ್ತರ 5: ಸ್ನಿಗ್ಧಾ

ವೇಗವರ್ಧಕ ಪರಿವರ್ತಕವನ್ನು ರಂಜಕ ಹಾಳುಮಾಡುತ್ತದೆಂದು ಅದಕ್ಕೆ 800 ಪಿಪಿಎಂ ಮಿತಿ ಹಾಕಿರುವುದು ನಿಜ. ಆದರೆ ಆ ಮಿತಿ 20, 30ರಂಥ ತೆಳು ಗ್ರೇಡುಗಳಿಗೆ ಅನ್ವಯಿಸುತ್ತದೆ. ಎಸ್‌ಎನ್ ಇರಲಿ, ಎಸ್‌ಪಿ ಇರಲಿ, 40 ಗ್ರೇಡಿಗೆ ಎಪಿಐ ಮೇಲ್ಮಿತಿಯನ್ನೇ ಹಾಕಿಲ್ಲ. ತೆಳು ಗ್ರೇಡುಗಳಲ್ಲೂ ಎಸ್‌ಎನ್‌ನಿಂದ ಎಸ್‌ಪಿಗೆ ಬರುವಾಗ ಮಿತಿ ಇಳಿಯಲಿಲ್ಲ. ಝಿಂಕ್ ಮತ್ತು ರಂಜಕ ಸೇರಿರುವ ಝಡ್‌ಡಿಡಿಪಿ ಎಂಬ ಸಂಯುಕ್ತವು ಎಲ್‌ಎಸ್‌ಪಿಐಯನ್ನು ಕಡಿಮೆ ಮಾಡಲು ನೆರವಾಗುತ್ತದೆಂಬುದೂ ಪರೀಕ್ಷೆಗಳಲ್ಲಿ ಕಂಡಿರುವುದರಿಂದ ಅದನ್ನು ಕಡಿತಗೊಳಿಸಲು ಕಂಪನಿಗೆ ಕಾರಣವೂ ಇಲ್ಲ. ಸವಾರರು ತಮ್ಮ ವರದಿಯಲ್ಲೇ ಎರಡೂ ಮಾದರಿಗಳ ರಂಜಕದ ಸಾಲನ್ನು ನೋಡಿದರೆ ತಿಳಿಯುತ್ತದೆ.

ಉತ್ತರ 6: ಮಲ್ಲೇಶ್ವರದ ಸವಾರ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ವರದಿಗಳನ್ನು ತೆಗೆದು ನೋಡಿದೆ. ರಂಜಕ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಇದೆ. ಕ್ಯಾಲ್ಸಿಯಂ ಸಾಲಿನ ಮೇಲೆಯೇ ಕಣ್ಣು ನೆಟ್ಟು ಅದನ್ನು ಗಮನಿಸಿರಲಿಲ್ಲ. ನನ್ನ ಡಬ್ಬಿಯನ್ನು ಮತ್ತೆ ಓದಿದಾಗ ಇನ್ನೊಂದು ಸಂಗತಿ ಕಂಡಿತು: 502 00ಕ್ಕೆ ‘ಅನುಮೋದಿತ’ ಎಂದಿದೆ, ಆದರೆ ಪೋರ್ಷೆ ಎ40 ಇರುವ ಸಾಲಿನಲ್ಲಿ ‘ಸೂಕ್ತ’ ಎಂದು ಮಾತ್ರ ಇದೆ. ಹಳೆಯ ಡಬ್ಬಿಯ ಫೋಟೋ ನನ್ನ ಬಳಿ ಇದೆ. ಅದರಲ್ಲಿ ಎರಡೂ ‘ಅನುಮೋದಿತ’ ಪಟ್ಟಿಯಲ್ಲೇ ಇದ್ದವು. ಈ ವ್ಯತ್ಯಾಸ ನನಗೆ 0.2ಕ್ಕಿಂತ ಹೆಚ್ಚು ಮಾತನಾಡಿದಂತಾಯಿತು.

ಹಳೆಯ ದಾಸ್ತಾನನ್ನು ಕೊಳ್ಳುವುದಿಲ್ಲ. ಟ್ರ್ಯಾಕಿನಷ್ಟೇ ನಿತ್ಯದ ಓಡಾಟವೂ ಎಂಜಿನ್ನಿಗೆ ಕಠಿಣವೆಂದು ಈಗ ಮನವರಿಕೆಯಾಗಿದೆ. ಎಸ್‌ಪಿ ದರ್ಜೆ, 502 00 ಮತ್ತು ಎ40 ಮೂರರ ಅನುಮೋದನೆಯೂ ನೇರವಾಗಿರುವ ಬೇರೊಂದು ಆಯಿಲನ್ನು ಹುಡುಕುತ್ತಿದ್ದೇನೆ. ಸಿಕ್ಕವುಗಳಲ್ಲಿ ಒಂದು 0ಡಬ್ಲ್ಯೂ-40, ಇನ್ನೊಂದು 5ಡಬ್ಲ್ಯೂ-40. ಬೆಂಗಳೂರಿಗೆ 0ಡಬ್ಲ್ಯೂ ಅಗತ್ಯವಿದೆಯೇ? ಬಳಸಿದ ಆಯಿಲಿನ ಮಾದರಿಯನ್ನು ತೆಗೆಯುವ ಸರಿಯಾದ ಕ್ರಮವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 7: ಸ್ನಿಗ್ಧಾ

ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯದು. 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂ ಆಯಿಲನ್ನು ಮೈನಸ್ 30ರಲ್ಲಿ ಪರೀಕ್ಷಿಸುತ್ತಾರೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದ್ದರಿಂದ ಆ ಅಂಕಿಯನ್ನು ಬದಿಗಿಟ್ಟು, ಎರಡರ ಎಚ್‌ಟಿಎಚ್‌ಎಸ್ ಹಾಗೂ ನೋಆಕ್ ಅಂಕಿಗಳನ್ನು ಹೋಲಿಸಿ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಆಯಿಲಿನ ಎಷ್ಟು ಪಾಲು ಆವಿಯಾಗುತ್ತದೆಂಬುದೇ ನೋಆಕ್. ಎಪಿಐ ಎಸ್‌ಪಿ ಶೇ. 15ರವರೆಗೆ ಒಪ್ಪುತ್ತದೆ, ಎ3/ಬಿ4 ಶೇ. 13ಕ್ಕೆ ನಿಲ್ಲಿಸುತ್ತದೆ. ಟರ್ಬೊ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವವರಿಗೆ ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು.

ಮಾದರಿ ತೆಗೆಯುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಡ್ರೈನ್ ಬೋಲ್ಟ್ ಬಿಚ್ಚಿದೊಡನೆ ಸುರಿಯುವ ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಒಣಗಿದ ಸ್ವಚ್ಛ ಬಾಟಲಿಗೆ ಹಿಡಿಯಿರಿ. ಮೊದಲ ಧಾರೆಯಲ್ಲಿ ಸಂಪಿನ ತಳದ ಕಸವೂ ಬೋಲ್ಟಿನ ಸುತ್ತಲಿನ ಮಣ್ಣೂ ಬರುತ್ತವೆ. ಪೆಟ್ರೋಲ್ ಎಷ್ಟು ಸೇರಿದೆ ಎಂಬ ಪರೀಕ್ಷೆಯನ್ನು ಪ್ರಯೋಗಾಲಯದವರಿಗೆ ಪ್ರತ್ಯೇಕವಾಗಿ ಕೇಳಿ, ಎಲ್ಲರೂ ತಾವಾಗಿಯೇ ಮಾಡುವುದಿಲ್ಲ. ಕಬ್ಬಿಣ, ತಾಮ್ರ, ಸೀಸದ ಅಂಕಿಗಳನ್ನು ಒಂದೇ ವರದಿಯಿಂದ ಅಳೆಯಬೇಡಿ. ಸೂತ್ರ ಬದಲಾದ ಮೇಲಿನ ಮೊದಲ ತುಂಬುವಿಕೆಯಲ್ಲಿ ಹಿಂದಿನ ಆಯಿಲಿನ ಉಳಿಕೆ ಬೆರೆತಿರುತ್ತದೆ; ಎರಡನೆಯ ಮತ್ತು ಮೂರನೆಯ ವರದಿಗಳನ್ನು ಹೋಲಿಸಿದಾಗಲೇ ಆಯಿಲಿನ ನಿಜವಾದ ನಡತೆ ಕಾಣುವುದು. ಬಾಟಲಿಯ ಚೀಟಿಯ ಮೇಲೆ ಆಯಿಲ್ ಓಡಿದ ಕಿಲೋಮೀಟರ್, ನಡುವೆ ಟ್ರ್ಯಾಕಿಗೆ ಹೋದ ದಿನಗಳು ಮತ್ತು ಮಧ್ಯೆ ಎಷ್ಟು ಆಯಿಲ್ ಸೇರಿಸಿದಿರಿ ಎಂಬುದನ್ನು ತಪ್ಪದೆ ಬರೆಯಿರಿ. ಅರ್ಧ ಲೀಟರ್ ಸೇರಿಸಿ ಅದನ್ನು ಹೇಳದೆ ಬಿಟ್ಟರೆ ಲೋಹದ ಅಂಕಿಗಳು ಇರುವುದಕ್ಕಿಂತ ಕಡಿಮೆ ತೋರಿ, ಸವೆಯುತ್ತಿರುವ ಬೇರಿಂಗೂ ಆರೋಗ್ಯವಾಗಿರುವಂತೆ ಕಾಣುತ್ತದೆ.